ಪದ ಬೇಕು: ‘ರೀಸನಬಲ್ ಅಕಾಮಡೇಷನ್’ (ನಾಳೆಯೇ ಪ್ರಿಂಟ್)

ಎಲ್ಲರಿಗೂ ನಮಸ್ಕಾರ. ಪೀಣ್ಯದ ಒಂದು ಸಣ್ಣ ಕಾರ್ಖಾನೆಗೆ ನೋಟೀಸು ಬರೆದುಕೊಡುತ್ತಿದ್ದೇನೆ. 24 ಜನ ಕೆಲಸಗಾರರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ ಸಮಾನ ಅವಕಾಶ ನೀತಿಯನ್ನು ವೆಬ್‌ಸೈಟಿನಲ್ಲಿ ಹಾಕಬೇಕು. ಇವರಿಗೆ ವೆಬ್‌ಸೈಟ್ ಇಲ್ಲ, ಹಾಗಾಗಿ ಎಲ್ಲರ ಕಣ್ಣಿಗೆ ಬೀಳುವ ಕಡೆ ಅಂಟಿಸಬೇಕು. 20 ಜನಕ್ಕಿಂತ ಜಾಸ್ತಿ ಇರೋದರಿಂದ ಯಾವ ಕೆಲಸಗಳು, ಏನು ಸೌಲಭ್ಯ, ಸಂಪರ್ಕಾಧಿಕಾರಿ ಯಾರು ಅಂತೆಲ್ಲ ಬರೆಯಬೇಕು. ಅದೆಲ್ಲ ಆಯಿತು. ಸಿಕ್ಕಿಕೊಂಡಿರುವುದು ಮೇಲಿನ ಪದದಲ್ಲಿ, ಅಂದರೆ ಅಂಗವಿಕಲರು ಕೆಲಸ ಮಾಡಲು ಬೇಕಾದ ಬದಲಾವಣೆ ಮಾಡಿಕೊಡುವುದು. ಹಳೇ ಕರಡಿನಲ್ಲಿ ‘ಸಮಂಜಸ ವಸತಿ’ ಅಂತಿತ್ತು. ಓದಿದ ಹೆಲ್ಪರ್ ಒಬ್ಬರು “ರೂಮು ಎಲ್ಲಿ ಕೊಡ್ತೀರಾ ಸಾರ್?” ಅಂದರಂತೆ!

> ‘ಸಮಂಜಸ ಹೊಂದಾಣಿಕೆ’. ಮುಗೀತು.

ಮುಗಿಯಲಿಲ್ಲ. ‘ಹೊಂದಾಣಿಕೆ’ ಅಂದರೆ ಅತ್ತೆ ಸೊಸೆ ಮಾಡಿಕೊಳ್ಳೋದು. ಓದಿದವನು ತಾನೇ ಹೊಂದಿಕೊಂಡು ಹೋಗಬೇಕು ಅಂದುಕೊಳ್ಳುತ್ತಾನೆ. ಕಾಯ್ದೆ ಹೇಳೋದು ಉಲ್ಟಾ, ಅಲ್ವಾ? ಮೇಜಿನ ಎತ್ತರ, ಪಾಳಿ, ಮೆಟ್ಟಿಲು, ಇವನ್ನು ಬದಲಿಸಬೇಕಾದವನು ಮಾಲೀಕ. ‘ತಕ್ಕ ಅನುಕೂಲ’ ಅನ್ನಿ. ‘ತಗು’ ಧಾತುವಿನ ಕೃದಂತ. ಗಮಕಸಮಾಸ, ಆದ್ದರಿಂದ ಅರಿಸಮಾಸದ (ಕನ್ನಡ, ಸಂಸ್ಕೃತ ಪದ ಬೆರೆಸಿದ) ದೋಷ ಅಂತ ಯಾರೂ ತಗಾದೆ ತೆಗೆಯುವಂತಿಲ್ಲ. ತಕ್ಕಡಿಯ ಬೇರೂ ಇದೇ.

> ತಕ್ಕಡಿಯ ಬೇರೂ ಇದೇ

ಆಧಾರ? ಸುಮ್ನೆ ಉಚ್ಚಾರ ಹತ್ತಿರ ಇದೆ ಅಂತ ನಂಟು ಕಟ್ಟಬೇಡಿ. ನಮ್ಮ ಧಾರವಾಡದ ಕಡೆ ಸಂತೆಯಲ್ಲೂ ‘ವಾಜಬಿ’ ಅಂತಾರೆ. ‘ವಾಜಬಿ ಅನುಕೂಲ’ ಹಾಕಿ. ಅರಬ್ಬಿಯ ‘ವಾಜಿಬ್’ ಅಂದರೆ ಮಾಡಲೇಬೇಕಾದದ್ದು. ಕಾಯ್ದೆಗೆ ಇದಕ್ಕಿಂತ ಒಳ್ಳೆ ಪದ ಬೇಕೇ?

ಅಚ್ಚಗನ್ನಡ ಇರುವಾಗ ಅರಬ್ಬಿ ಯಾಕೆ ಸ್ವಾಮಿ?

ಹಾಗಾದರೆ ಕಾರ್ಖಾನೆ (ಪಾರಸಿ), ಹಾಜರಿ (ಅರಬ್ಬಿ), ಪಗಾರ (ಪೋರ್ಚುಗೀಸ್) ಎಲ್ಲ ತೆಗೀರಿ. ಆಮೇಲೆ ನೋಟೀಸು ಅಂಟಿಸೋಕೆ ಗೋಡೆ ಮಾತ್ರ ಉಳಿಯುತ್ತೆ. ನಿಮ್ಮ ‘ಅನುಕೂಲ’ ಸಂಸ್ಕೃತ ಅನ್ನೋದು ಮರೆತುಹೋಯಿತೇ?

ಜಗಳದ ನಡುವೆ ಒಂದು ಮಾತು. ‘ಅಂಗವಿಕಲ’ ಬೇಡ, ‘ವಿಕಲಚೇತನ’ ಹಾಕಿ. ರಾಜ್ಯದ ಇಲಾಖೆ ಹೆಸರಿನಲ್ಲೂ ಅದೇ ಇದೆ.

ನಾನು ಊರುಗೋಲು ಹಿಡಿದು ಇಪ್ಪತ್ತು ವರ್ಷ ಕೆಲಸಕ್ಕೆ ಹೋದವನು. ವಿಕಲ ಆಗಿರೋದು ಕಾಲು, ಚೇತನ ಅಲ್ಲ. ‘ಅಂಗವಿಕಲ’ ಇರಲಿ. ಇನ್ನೊಂದು: ಪದ ಯಾವುದೇ ಹಾಕಿ, ಕೆಳಗೆ ಎರಡು ಉದಾಹರಣೆ ಬರೆಯಿರಿ. ನಮಗೆ ಕೇಳೋಕೆ ಧೈರ್ಯ ಬರೋದು ಅದರಿಂದ.

ಎಲ್ಲರಿಗೂ ವಂದನೆ. ಕಳಿಸಿದ್ದು ಹೀಗೆ: “ಅಂಗವಿಕಲ ಕೆಲಸಗಾರರಿಗೆ ತಕ್ಕ ಅನುಕೂಲ ಮಾಡಿಕೊಡುತ್ತೇವೆ. ಉದಾಹರಣೆಗೆ ಕೂತು ಮಾಡುವ ಕೆಲಸ, ಪಾಳಿ ಬದಲಾವಣೆ. ಬೇಕಾದ್ದನ್ನು ಕೇಳಿ.” ಕಾಯ್ದೆಯಲ್ಲಿರುವ ‘ಅತಿಯಾದ ಹೊರೆ ಆಗದಂತೆ’ ಅನ್ನುವುದನ್ನೂ ಸೇರಿಸಿ ಅಂದರು ಮಾಲೀಕರು. ಸಣ್ಣ ಅಕ್ಷರದಲ್ಲಿ ಸೇರಿಸಿದೆ.

‘ಉದಾಹರಣೆಗೆ’ ಬದಲು ‘ಎತ್ತುಗೆಗೆ’ ಅನ್ನಬಹುದಿತ್ತು.