ಸೌದಿ ಐಟಿ ಮಾರುಕಟ್ಟೆ: ಮುಂದಿನ ನಾಲ್ಕೈದು ವರ್ಷ ಸಣ್ಣ ಕಂಪನಿಗೆ ಕೆಲಸ ಎಲ್ಲಿದೆ?

ಹೊಸಗಡಿ:
ನಮ್ಮದು ಹನ್ನೆರಡು ಜನರ ಸಾಫ್ಟ್‌ವೇರ್ ಕಂಪನಿ. ಬಿಲ್ಲಿಂಗ್, ದಾಸ್ತಾನು, ಸಂಬಳದ ಲೆಕ್ಕ, ಇಷ್ಟರಲ್ಲಿ ಕೈ ಪಳಗಿದೆ. ಸೌದಿ ಅರೇಬಿಯಾದ ಬಗ್ಗೆ ಓದಿದ ಕಡೆಯೆಲ್ಲ ಎಐ, ಡೇಟಾ ಸೆಂಟರ್, ಮರುಭೂಮಿಯಲ್ಲಿ ಕಟ್ಟುತ್ತಿರುವ ಹೊಸ ನಗರ ನಿಯೋಮ್. ಆ ದುಡ್ಡಿನಲ್ಲಿ ನಮ್ಮಂಥವರ ಪಾಲಿಗೆ ಏನು ಬರುತ್ತದೆ ಅನ್ನುವುದು ಮಾತ್ರ ಎಲ್ಲೂ ಸಿಗುತ್ತಿಲ್ಲ. ಅಲ್ಲಿನ ಬೇಡಿಕೆ ನಾಲ್ಕೈದು ವರ್ಷ ಉಳಿಯುವಂಥದ್ದೇ? ಇ-ಇನ್‌ವಾಯ್ಸ್ (ತೆರಿಗೆ ಇಲಾಖೆ ಕಡ್ಡಾಯ ಮಾಡಿದ ಎಲೆಕ್ಟ್ರಾನಿಕ್ ಬಿಲ್) ಕೆಲಸ ಹಿಡಿದು ಒಳಗೆ ಹೋಗಬಹುದೇ, ಅಥವಾ ತಡವಾಯಿತೇ? ಹೊರಗಿನಿಂದಲೇ ಮಾಡಬಹುದೇ, ಅಲ್ಲೊಂದು ಕಚೇರಿ ಬೇಕೇ ಬೇಕೇ?

ಮರಳುಗಡಿಯಾರ:
ಅಲ್ಲಿ ಐಟಿ ಖರ್ಚು ಎರಡು ಕಡೆಯಿಂದ ಬರುತ್ತದೆ. ಎರಡನ್ನೂ ಒಂದೇ ಬುಟ್ಟಿಗೆ ಹಾಕಿದರೆ ಅಂದಾಜು ತಪ್ಪುತ್ತದೆ.

ಒಂದು, ಸರ್ಕಾರ ಮತ್ತು ಸಾರ್ವಜನಿಕ ಹೂಡಿಕೆ ನಿಧಿಯ ಯೋಜನೆಗಳು. ಇವು ತೈಲದ ದರದ ಜೊತೆ ಏರಿಳಿಯುತ್ತವೆ. 2025ರ ಬಜೆಟ್ಟಿನಲ್ಲೇ 10,100 ಕೋಟಿ ರಿಯಾಲ್ ಕೊರತೆ ಅಂದಾಜಿಸಿದ್ದರು. ಕೈ ಬಿಗಿಯಾದಾಗ ಮೊದಲು ಕತ್ತರಿ ಬೀಳುವುದು ಫಲ ದೂರವಿರುವ ಯೋಜನೆಗೆ. ನಿಯೋಮ್‌ನ ವೇಗ ತಗ್ಗಿದ್ದು ಹಾಗೆ. ದಿನಾಂಕ ಮುಂದೂಡಲಾಗದ ಕೆಲಸಗಳಿಗೆ, ಅಂದರೆ 2030ರ ರಿಯಾದ್ ಎಕ್ಸ್‌ಪೋ, 2034ರ ಫುಟ್‌ಬಾಲ್ ವಿಶ್ವಕಪ್, ಇವಕ್ಕೆ ಹಣ ಹರಿಯುತ್ತದೆ ಎಂದುಕೊಳ್ಳಬಹುದು. ಆದರೆ ಅದು ದೊಡ್ಡವರ ಮೂಲಕವೇ ಕೆಳಗಿಳಿಯಬೇಕು.

ಇನ್ನೊಂದು, ಕಾನೂನು ಹುಟ್ಟಿಸುವ ಬೇಡಿಕೆ. ಇಲ್ಲಿ ಖರ್ಚು ಮಾಡುವುದು ಅಂಗಡಿ, ಆಸ್ಪತ್ರೆ, ಗುತ್ತಿಗೆದಾರ. ಮಾಡದಿದ್ದರೆ ದಂಡ. ತೈಲ ಬಿದ್ದರೂ ಇದು ನಿಲ್ಲುವುದಿಲ್ಲ. ಇ-ಇನ್‌ವಾಯ್ಸ್‌ನ ಮೊದಲ ಹಂತ 2021ರ ಡಿಸೆಂಬರ್ 4ಕ್ಕೆ, ತೆರಿಗೆ ಪ್ರಾಧಿಕಾರ ಝಾಟ್ಕಾದ ಸರ್ವರ್‌ಗೆ ಜೋಡಿಸುವ ಎರಡನೆಯ ಹಂತ 2023ರ ಜನವರಿ 1ಕ್ಕೆ ಶುರುವಾಯಿತು. ವೈಯಕ್ತಿಕ ಡೇಟಾ ರಕ್ಷಣೆಯ ಕಾನೂನಿಗೆ ಕೊಟ್ಟಿದ್ದ ಕಾಲಾವಕಾಶ 2024ರ ಸೆಪ್ಟೆಂಬರ್ 14ಕ್ಕೆ ಮುಗಿಯಿತು. ಸಣ್ಣ ಕಂಪನಿಗೆ ಸಿಗುವ ಕೆಲಸ ಇಂಥ ಗಡುವುಗಳ ಬೆನ್ನಿಗೇ ಇರುತ್ತದೆ.

ಇ-ಇನ್‌ವಾಯ್ಸ್ ತಡವಾಯಿತೇ ಎಂದಿರಿ. ಎರಡನೆಯ ಹಂತದ ಮೊದಲ ಅಲೆ 300 ಕೋಟಿ ರಿಯಾಲ್ ಮೀರಿದ ವಹಿವಾಟಿನವರಿಗೆ. ಅಲೆ ಅಲೆಯಾಗಿ ಇಳಿದು 24ನೆಯದರಲ್ಲಿ ಮಿತಿ 3.75 ಲಕ್ಷ ರಿಯಾಲ್, ಗಡುವು 2026ರ ಜೂನ್ 30. ವ್ಯಾಟ್ ನೋಂದಣಿ ಕಡ್ಡಾಯವಾಗುವ ಮಿತಿಯೂ ಅದೇ 3.75 ಲಕ್ಷ. ಅಂದರೆ ಏಣಿಯ ಕೊನೆಯ ಮೆಟ್ಟಿಲು. ಮೊದಲ ಸಲ ಜೋಡಿಸಿಕೊಡುವ ಕೆಲಸ ಇನ್ನು ಬೆಳೆಯುವುದಿಲ್ಲ. ಗಡುವಿನ ಅವಸರದಲ್ಲಿ ಅಗ್ಗದ್ದು ಹಾಕಿಸಿಕೊಂಡವರ ರಿಪೇರಿ, ಬದಲಾವಣೆ, ಹಳೆಯ ಇಆರ್‌ಪಿಗೆ (ಇಡೀ ಕಂಪನಿಯ ವ್ಯವಹಾರ ನೋಡಿಕೊಳ್ಳುವ ತಂತ್ರಾಂಶ) ಕೊಂಡಿ ಹಾಕುವುದು, ಇವು ಉಳಿಯುತ್ತವೆ.

ಹ್ಯಾಶ್‌ಸರಪಳಿ:
ರಿಪೇರಿ ಕೆಲಸಕ್ಕೆ ಹೋಗುವುದಾದರೆ ಎಲ್ಲಿ ಕೈಕೊಡುತ್ತದೆ ಅನ್ನುವುದು ಇಲ್ಲಿದೆ.

ಕ್ಯೂಆರ್ ಕೋಡಿನ ಟಿಎಲ್‌ವಿಯಲ್ಲಿ (ಪ್ರತಿ ಮಾಹಿತಿಗೂ ಗುರುತು, ಉದ್ದ, ಮೌಲ್ಯ ಬರೆಯುವ ರೂಪ) ಉದ್ದವನ್ನು ಬೈಟ್‌ನಲ್ಲಿ ಎಣಿಸಬೇಕು, ಅಕ್ಷರದಲ್ಲಲ್ಲ. ಯುಟಿಎಫ್-8ರಲ್ಲಿ ಒಂದು ಅರಬ್ಬಿ ಅಕ್ಷರಕ್ಕೆ ಎರಡು ಬೈಟ್. ಇಂಗ್ಲಿಷ್ ಹೆಸರಿನಲ್ಲಿ ಪರೀಕ್ಷಿಸಿದ್ದೆಲ್ಲ ಪಾಸಾಗಿ, ನಿಜವಾದ ಅಂಗಡಿ ಹೆಸರು ಹಾಕಿದೊಡನೆ ಕೋಡ್ ಓದಿಸಿಕೊಳ್ಳದೆ ಕೂರುವುದು ಇದೇ ಕಾರಣಕ್ಕೆ.

ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಸಂಕೇತ) ತೆಗೆಯುವ ಮುನ್ನ ಇನ್‌ವಾಯ್ಸಿನ ಯುಬಿಎಲ್ 2.1 ಎಕ್ಸ್‌ಎಂಎಲ್‌ ಫೈಲಿನಿಂದ ಮೂರು ಭಾಗ ಕಳಚಬೇಕು: ಎಕ್ಸ್‌ಟೆನ್ಷನ್ ಬ್ಲಾಕ್, ಸಿಗ್ನೇಚರ್ ಬ್ಲಾಕ್, ಕ್ಯೂಆರ್ ಇರುವ ಉಲ್ಲೇಖ. ಆಮೇಲೆ ಸಿ14ಎನ್ 1.1 ವಿಧಾನದಲ್ಲಿ ಕ್ಯಾನನಿಕಲೈಸ್ ಮಾಡಿ, ಅಂದರೆ ಒಂದೇ ನಿಗದಿತ ರೂಪಕ್ಕೆ ತಂದು, ಎಸ್‌ಎಚ್‌ಎ-256 ವಿಧಾನದಲ್ಲಿ ಹ್ಯಾಶ್ ತೆಗೆಯಬೇಕು. ಸಹಿ ಬಿದ್ದ ಮೇಲೆ ಯಾರಾದರೂ ಫೈಲನ್ನು 'ಅಂದಗೊಳಿಸಿ' ಸೇವ್ ಮಾಡಿದರೆ ಒಂದು ಖಾಲಿ ಜಾಗ ಸೇರಿದ್ದಕ್ಕೇ ಹ್ಯಾಶ್ ಕೆಡುತ್ತದೆ.

ಪ್ರತಿ ಇನ್‌ವಾಯ್ಸೂ ಹಿಂದಿನದರ ಹ್ಯಾಶ್ ಮತ್ತು ಏರುವ ಕ್ರಮಸಂಖ್ಯೆ ಹೊತ್ತಿರುತ್ತದೆ. ಮೊಟ್ಟಮೊದಲನೆಯದಕ್ಕೆ ಹಿಂದಿನದಿಲ್ಲವಾದ್ದರಿಂದ '0' ಅನ್ನುವ ಅಕ್ಷರದ ಹ್ಯಾಶ್ ಹಾಕುತ್ತಾರೆ. ಐದು ಕೌಂಟರ್ ಇರುವ ಅಂಗಡಿಯಲ್ಲಿ ಐದೂ ಒಂದೇ ಸರಪಳಿಗೆ ಬರೆಯಲು ಹೋದರೆ ಎರಡು ಬಿಲ್ಲಿಗೆ ಒಂದೇ 'ಹಿಂದಿನ ಹ್ಯಾಶ್' ಬಂದು ಕೂರುತ್ತದೆ. ಪ್ರತಿ ಯಂತ್ರಕ್ಕೂ ಸಹಿ ಹಾಕುವ ಬೇರೆ ಡಿಜಿಟಲ್ ಪ್ರಮಾಣಪತ್ರ, ಬೇರೆ ಸರಪಳಿ ಇಡಿ. ಡೇಟಾಬೇಸನ್ನು ಬ್ಯಾಕಪ್‌ನಿಂದ ಮರಳಿ ತಂದಾಗ ಕ್ರಮಸಂಖ್ಯೆ ಹಿಂದಕ್ಕೆ ಜಾರದಂತೆ ನೋಡಿಕೊಳ್ಳಿ. ಇದನ್ನು ಮರೆಯುವವರೇ ಹೆಚ್ಚು.

ಪ್ರಮಾಣಪತ್ರ ಪಡೆಯುವ ಕ್ರಮ: ಝಾಟ್ಕಾದ ಇ-ಇನ್‌ವಾಯ್ಸ್ ತಾಣವಾದ ಫಾತೂರಾ ಪೋರ್ಟಲಿನಲ್ಲಿ ಗ್ರಾಹಕರೇ ಒಟಿಪಿ ತೆಗೆಯಬೇಕು, ಅದು ಒಂದು ಗಂಟೆ ಮಾತ್ರ ಬಾಳುತ್ತದೆ. ಅದರಿಂದ ಪರೀಕ್ಷಾ ಪ್ರಮಾಣಪತ್ರ. ಮಾದರಿ ಇನ್‌ವಾಯ್ಸ್, ಕ್ರೆಡಿಟ್ ನೋಟ್, ಡೆಬಿಟ್ ನೋಟ್ ಕಳಿಸಿ ಪಾಸಾದರೆ ನಿಜವಾದದ್ದು. ವ್ಯಾಟ್ ಸಂಖ್ಯೆ 15 ಅಂಕಿ, ಮೊದಲೂ ಕೊನೆಯೂ 3. ಕಟ್ಟಡ ಸಂಖ್ಯೆ 4 ಅಂಕಿ, ಪಿನ್ 5 ಅಂಕಿ. ಗ್ರಾಹಕರ ಮಾಸ್ಟರ್ ಫೈಲ್ ಈ ರೂಪದಲ್ಲಿ ಇರುವುದೇ ಇಲ್ಲ. ಅದನ್ನು ಸರಿಪಡಿಸುವುದಕ್ಕೆ ಕೋಡಿಂಗ್‌ಗಿಂತ ಹೆಚ್ಚು ದಿನ ಬೇಕು. ದರ ಹೇಳುವಾಗ ಅದನ್ನು ಬೇರೆಯೇ ಬರೆಯಿರಿ.

ಇನ್ನು, ವ್ಯಾಪಾರಿಯಿಂದ ವ್ಯಾಪಾರಿಗೆ ಹೋಗುವ ಬಿಲ್ಲಿಗೆ ಖರೀದಿದಾರನ ಕೈ ಸೇರುವ ಮುನ್ನವೇ ಝಾಟ್ಕಾದ ಒಪ್ಪಿಗೆ ಬೇಕು. ಚಿಲ್ಲರೆ ಬಿಲ್ಲಾದರೆ 24 ಗಂಟೆಯೊಳಗೆ ಕಳಿಸಿದರೆ ಸಾಕು. 202 ಎಂದು ಉತ್ತರ ಬಂದರೆ ಒಪ್ಪಿದ್ದಾರೆ, ಎಚ್ಚರಿಕೆಯೂ ಇದೆ ಎಂದರ್ಥ. ಅದನ್ನು ಯಶಸ್ಸು ಎಂದು ಮುಚ್ಚಿಡದೆ ಲಾಗ್‌ನಲ್ಲಿ ಕಾಣಿಸಿ.

ತಂತಿಬೇಲಿ:
ಮರಳುಗಡಿಯಾರ ಅವರ ಮಾತನ್ನು ಅರ್ಧ ಒಪ್ಪುತ್ತೇನೆ. ಡೇಟಾ ಸೆಂಟರಿನ ದುಡ್ಡು ಸಣ್ಣವರಿಗೆ ಸಿಗದು, ನಿಜ. ಆದರೆ ಅದು ತರುವ ಕೆಲಸ ಸಿಗುತ್ತದೆ. ಒರಾಕಲ್ 2020ರಲ್ಲಿ ಜಿದ್ದಾದಲ್ಲಿ, ಗೂಗಲ್ 2023ರಲ್ಲಿ ದಮ್ಮಾಮ್‌ನಲ್ಲಿ ಕ್ಲೌಡ್ ರೀಜನ್ (ಬಾಡಿಗೆಗೆ ಸಿಗುವ ಡೇಟಾ ಸೆಂಟರ್‌ಗಳ ಸ್ಥಳೀಯ ಗುಂಪು) ತೆರೆದವು. ಅಮೆಜಾನ್ 530 ಕೋಟಿ ಡಾಲರ್ ಹೂಡಿಕೆಯ ರೀಜನ್ ಅನ್ನು 2026ಕ್ಕೆಂದು ಘೋಷಿಸಿತು, ಮೈಕ್ರೋಸಾಫ್ಟ್ ಕೂಡ ಅದೇ ವರ್ಷ ಎಂದಿತು. 2025ರ ಮೇ ತಿಂಗಳಲ್ಲಿ ಹುಟ್ಟಿದ ಸೌದಿಯ ಎಐ ಕಂಪನಿ ಹುಮೈನ್ ಎನ್ವಿಡಿಯಾ ಚಿಪ್‌ಗಳ ಲೆಕ್ಕದಲ್ಲಿ ಮಾತಾಡುತ್ತಿದೆ. ರೀಜನ್ ಒಳಗೇ ಸಿಕ್ಕಮೇಲೆ 'ಡೇಟಾ ಯಾಕೆ ಹೊರಗಿದೆ?' ಎಂದು ಆಡಿಟರ್ ಕೇಳುತ್ತಾನೆ. ಬಹರೇನ್, ದುಬೈ, ಯೂರೋಪಿನಲ್ಲಿ ಕೂತಿರುವ ಅಪ್ಲಿಕೇಶನ್‌ಗಳನ್ನು ಒಳಗೆ ಸಾಗಿಸುವುದು ಹಲವು ವರ್ಷದ ಕೆಲಸ.

ಸಾಗಿಸುವಾಗ ಮುಖ್ಯ ಡೇಟಾಬೇಸನ್ನು ಎಲ್ಲರೂ ನೋಡುತ್ತಾರೆ. ಸೋರುವುದು ಬದಿಯಲ್ಲಿ: ಬ್ಯಾಕಪ್ ಯೂರೋಪಿಗೆ ಹೋಗುತ್ತಿರುತ್ತದೆ, ದೋಷ ವರದಿಯ ಸೇವೆಗೆ ಗ್ರಾಹಕರ ಫೋನ್ ನಂಬರ್ ಹೋಗುತ್ತಿರುತ್ತದೆ, ಇಮೇಲ್ ಕಳಿಸುವ ಸೇವೆ ಅಮೆರಿಕದಲ್ಲಿರುತ್ತದೆ. ಹೊರದೇಶದ ಸಪೋರ್ಟ್ ಸಿಬ್ಬಂದಿ ಡೇಟಾಬೇಸ್ ತೆರೆದು ನೋಡುವುದನ್ನೂ ಡೇಟಾ ಹೊರಗೆ ಹೋದಂತೆಯೇ ಎಣಿಸಿ ವಿನ್ಯಾಸ ಮಾಡಿ. ಹೊಸಗಡಿ ಅವರ ಮೂರನೇ ಪ್ರಶ್ನೆಗೆ ಇದೂ ಒಂದು ಉತ್ತರ. ಸಪೋರ್ಟಿಗೆ ಹೆಸರು, ನಂಬರ್ ಮರೆಮಾಚಿದ ಪ್ರತಿ ಸಾಕಾಗುವ ಹಾಗೆ ಮೊದಲೇ ಕಟ್ಟಿಕೊಳ್ಳಿ. ಡೇಟಾ ಸೋರಿದರೆ ಡೇಟಾ ಪ್ರಾಧಿಕಾರಕ್ಕೆ 72 ಗಂಟೆಯೊಳಗೆ ತಿಳಿಸಬೇಕು. ದಂಡ 50 ಲಕ್ಷ ರಿಯಾಲ್‌ವರೆಗೆ ಹೋಗಬಹುದು.

ಹೊಸಗಡಿ:
ಮೂವರಿಗೂ ವಂದನೆ. ಬ್ಯಾಕಪ್ ಮರಳಿ ತಂದಾಗ ಕ್ರಮಸಂಖ್ಯೆ ಜಾರುವ ವಿಷಯ ನಮ್ಮ ತಲೆಗೆ ಹೊಳೆದೇ ಇರಲಿಲ್ಲ. ಎರಡು ಜನರನ್ನು ರಿಯಾದ್‌ನಲ್ಲಿ ಕೂರಿಸಿದರೆ ಖರ್ಚು ಹೇಗೆ? ಸರ್ಕಾರಿ ಟೆಂಡರ್ ನೇರವಾಗಿ ಹಾಕಬಹುದೇ?

ಲೆಕ್ಕದಕಡತ:
ಟೆಂಡರ್ ಮೊದಲು. 2024ರ ಜನವರಿ 1ರಿಂದ, ಪ್ರಾದೇಶಿಕ ಮುಖ್ಯ ಕಚೇರಿ ಸೌದಿಯಲ್ಲಿಲ್ಲದ ವಿದೇಶಿ ಕಂಪನಿಗಳನ್ನು ಸರ್ಕಾರಿ ಗುತ್ತಿಗೆಯಿಂದ ದೂರವಿಟ್ಟಿದ್ದಾರೆ. 10 ಲಕ್ಷ ರಿಯಾಲ್ ಮೀರದ ಕೆಲಸಕ್ಕೆ ವಿನಾಯಿತಿ ಇದೆ. ಆದರೂ ನೇರ ಟೆಂಡರ್ ನಿಮ್ಮ ಗಾತ್ರಕ್ಕೆ ಬೇಡ. ಬಿಡ್‌ಗೆ ಶೇ. 1ರಿಂದ 2, ಗುತ್ತಿಗೆ ಸಿಕ್ಕಮೇಲೆ ಶೇ. 5 ಬ್ಯಾಂಕ್ ಗ್ಯಾರಂಟಿ ಕಟ್ಟಬೇಕು. ತಡವಾದರೆ ದಂಡ ಪೂರೈಕೆ ಗುತ್ತಿಗೆಯಲ್ಲಿ ಶೇ. 6ರವರೆಗೆ, ಇತರ ಗುತ್ತಿಗೆಗಳಲ್ಲಿ ಶೇ. 20ರವರೆಗೆ. ಸ್ಥಳೀಯ ದೊಡ್ಡ ಕಂಪನಿಯ ಕೈಕೆಳಗೆ ಉಪಗುತ್ತಿಗೆ ಮಾಡುವುದಾದರೆ 'ನಮಗೆ ಬಂದ ಮೇಲೆ ನಿಮಗೆ' ಅನ್ನುವ ಷರತ್ತು ಹುಡುಕಿ. ಅದನ್ನು ಒಪ್ಪಲೇಬೇಕಾದರೆ 'ಅಥವಾ 90 ದಿನ, ಯಾವುದು ಮೊದಲೋ ಅದು' ಎಂದು ಸೇರಿಸಿ. ಸೇರಿಸಲು ಒಪ್ಪದಿದ್ದರೆ ಆರು ತಿಂಗಳ ಸಂಬಳ ಕೈಯಲ್ಲಿಟ್ಟುಕೊಂಡೇ ಸಹಿ ಮಾಡಿ.

ಜನರ ಖರ್ಚು: ವಿದೇಶಿ ನೌಕರನೊಬ್ಬನಿಗೆ ತಿಂಗಳಿಗೆ 800 ರಿಯಾಲ್ ಶುಲ್ಕ, ಸೌದಿ ನೌಕರರ ಸಂಖ್ಯೆ ವಿದೇಶಿಯರಿಗಿಂತ ಕಡಿಮೆಯಿಲ್ಲದಿದ್ದರೆ 700. ಜೊತೆಯಲ್ಲಿರುವ ಕುಟುಂಬದವರಿಗೆ ತಲಾ 400. ಹೆಂಡತಿ, ಇಬ್ಬರು ಮಕ್ಕಳೆಂದರೆ ವರ್ಷಕ್ಕೆ 14,400 ರಿಯಾಲ್ ಇದಕ್ಕೇ ಹೋಯಿತು. ಕಚೇರಿ ಐದು ಜನಕ್ಕೆ ಬೆಳೆದರೆ ಐಟಿ ಹುದ್ದೆಗಳಲ್ಲಿ ಶೇ. 25 ಸೌದಿಯರಿರಬೇಕು ಎಂಬ ನಿಯಮ ತಾಗುತ್ತದೆ, ಎಂಜಿನಿಯರ್ ಮಟ್ಟದವರಿಗೆ ಕನಿಷ್ಠ 7,000 ರಿಯಾಲ್ ಸಂಬಳ.

ತೆರಿಗೆ: ಹೊರಗಿನಿಂದ ಬಿಲ್ ಮಾಡಿದರೆ ಅವರು ಮೂಲದಲ್ಲೇ ಮುರಿದುಕೊಳ್ಳುತ್ತಾರೆ. ತಾಂತ್ರಿಕ ಸೇವೆಗೆ ಶೇ. 5, ರಾಯಲ್ಟಿಗೆ ಶೇ. 15. ಭಾರತದ ಜೊತೆಗಿನ ಒಪ್ಪಂದದಲ್ಲಿ ರಾಯಲ್ಟಿಯ ಮಿತಿ ಶೇ. 10. ಲೈಸೆನ್ಸನ್ನೂ ಅಳವಡಿಕೆಯ ಕೂಲಿಯನ್ನೂ ಒಂದೇ ಸಾಲಿನಲ್ಲಿ ಬರೆದರೆ ಇಡೀ ಮೊತ್ತಕ್ಕೆ ಹೆಚ್ಚಿನ ದರ ಬೀಳುವ ಅಪಾಯವಿದೆ. ಬೇರೆ ಬೇರೆ ಬಿಲ್ ಮಾಡಿ.

ಎಲ್ಲಕ್ಕಿಂತ ಹೆಚ್ಚಾಗಿ, ನಿಮ್ಮ ಸಂಬಳದ ಲೆಕ್ಕದ ತಂತ್ರಾಂಶವನ್ನು ಯಾಕೆ ಮೂಲೆಗೆ ಇಟ್ಟಿದ್ದೀರಿ? ಇ-ಇನ್‌ವಾಯ್ಸ್‌ಗಿಂತ ಅದಕ್ಕೇ ಮುಂದೆ ಕೆಲಸ. 2024ರ ಜುಲೈ ನಂತರ ಮೊದಲ ಬಾರಿ ಕೆಲಸಕ್ಕೆ ಸೇರಿದ ಸೌದಿಯರಿಗೆ ಹೊಸ ಸಾಮಾಜಿಕ ವಿಮೆ ಕಾನೂನು: ಪಿಂಚಣಿ ವಂತಿಗೆ 2025ರ ಜುಲೈನಿಂದ ವರ್ಷಕ್ಕೆ ಅರ್ಧ ಶೇಕಡಾದಂತೆ ಮಾಲೀಕ, ನೌಕರ ಇಬ್ಬರ ಕಡೆಯಿಂದಲೂ 9ರಿಂದ 11ಕ್ಕೆ ಏರುತ್ತದೆ. ಹಳಬರಿಗೆ ಹಳೆಯ ದರ. ಒಂದೇ ಕಂಪನಿಯಲ್ಲಿ ಎರಡು ದರ, ಒಂದು ಪ್ರತಿ ಜುಲೈಗೆ ಬದಲಾಗುವಂಥದ್ದು. ದರವನ್ನು ಕೋಡಿನಲ್ಲೇ ಬರೆದಿಟ್ಟ ತಂತ್ರಾಂಶಗಳೆಲ್ಲ ಇಲ್ಲಿ ಮುಗ್ಗರಿಸುತ್ತವೆ.

ಕೆಲಸ ಬಿಟ್ಟಾಗಿನ ಪರಿಹಾರವೂ ಅಷ್ಟೇ: ಮೊದಲ ಐದು ವರ್ಷಕ್ಕೆ ತಲಾ ಅರ್ಧ ತಿಂಗಳ ಸಂಬಳ, ಆಮೇಲೆ ತಲಾ ಒಂದು ತಿಂಗಳು. ತಾನಾಗಿ ರಾಜೀನಾಮೆ ಕೊಟ್ಟರೆ ಎರಡು ವರ್ಷದೊಳಗೆ ಏನಿಲ್ಲ, ಐದರವರೆಗೆ ಮೂರನೇ ಒಂದು, ಹತ್ತರವರೆಗೆ ಮೂರನೇ ಎರಡು, ಮೇಲೆ ಪೂರ್ತಿ. ಇದನ್ನು ಮೂಲವೇತನದ ಮೇಲೆ ಹಾಕುವ ತಪ್ಪು ಬಹಳ ಸಾಮಾನ್ಯ. ಭತ್ಯೆಗಳೂ ಸೇರಿದ ಕೊನೆಯ ಸಂಬಳದ ಮೇಲೆ ಹಾಕಬೇಕು.

ಮರಳುಗಡಿಯಾರ:
ಲೆಕ್ಕದಕಡತ ಹೇಳಿದ್ದು ಸರಿ, ಸಂಬಳದ ಲೆಕ್ಕದಿಂದಲೇ ಶುರು ಮಾಡಿ. ಇನ್ನೊಂದು ಸಣ್ಣ ಮಾತು: ವಾರ್ಷಿಕ ನಿರ್ವಹಣಾ ಒಪ್ಪಂದದಲ್ಲಿ 'ವರ್ಷ' ಹಿಜರಿಯೋ ಗ್ರೆಗೋರಿಯನ್ನೋ ಬರೆಸಿಕೊಳ್ಳಿ, ವ್ಯತ್ಯಾಸ ಸುಮಾರು 11 ದಿನ. ರಂಜಾನ್‌ನಲ್ಲಿ ಮುಸ್ಲಿಂ ನೌಕರರಿಗೆ ದಿನಕ್ಕೆ ಆರು ಗಂಟೆ ಕೆಲಸ, ಹಿಂದೆಯೇ ಈದ್ ರಜೆ. 2027ರಲ್ಲಿ ಅದು ಫೆಬ್ರವರಿ ಎರಡನೇ ವಾರದ ಹೊತ್ತಿಗೆ ಶುರು. ಗ್ರಾಹಕರು ಪರೀಕ್ಷಿಸಿ ಸಹಿ ಹಾಕುವ ಹಂತವನ್ನು ಆ ತಿಂಗಳಿಗೆ ಇಟ್ಟರೆ ಕೊನೆಯ ಕಂತು ಏಪ್ರಿಲ್‌ಗೆ ಹೋಗುತ್ತದೆ.