ಲಾಂಗ್ ಕೋವಿಡ್: ಲಕ್ಷಣದ ಲೆಕ್ಕ ಬೇರೆ, ಕೈಲಾಗದ ಕೆಲಸದ ಲೆಕ್ಕ ಬೇರೆ

ಪ್ರಶ್ನೆ (ಕ್ಲಿನಿಕ್ ನರ್ಸ್): ಕೋವಿಡ್ ಕಳೆದು ತಿಂಗಳುಗಳಾದರೂ ಸುಸ್ತು, ಏದುಸಿರು, ಮರೆವು ಬಿಡದವರಿಗೆ ನಾವು 30 ಲಕ್ಷಣಗಳ ಒಂದು ಪಟ್ಟಿ ಕೊಡುತ್ತೇವೆ. ಇದ್ದರೆ ಟಿಕ್, ಇಲ್ಲದಿದ್ದರೆ ಖಾಲಿ. 14 ಟಿಕ್ ಇರುವವರು ಕೆಲಸಕ್ಕೆ ಹೋಗುತ್ತಿದ್ದಾರೆ, 4 ಟಿಕ್ ಇರುವವರು ಸ್ನಾನ ಮಾಡಿದರೆ ಅರ್ಧ ದಿನ ಮಲಗುತ್ತಾರೆ. ಪಟ್ಟಿ ಸರಿಯಿಲ್ಲವೋ, ನಾವು ಬಳಸುತ್ತಿರುವ ರೀತಿಯೋ? ಯಾವ ಪ್ರಶ್ನಾವಳಿ ಹಿಡಿಯಬೇಕು?

ಉತ್ತರ (ಪುನರ್ವಸತಿ ವೈದ್ಯೆ): ಪಟ್ಟಿಗೆ ಆಗದ ಕೆಲಸವನ್ನು ಅದರಿಂದ ಮಾಡಿಸುತ್ತಿದ್ದೀರಿ ಅಷ್ಟೆ. ಟಿಕ್ ಎಣಿಸುವಾಗ ಕೂದಲು ಉದುರುವುದಕ್ಕೂ ಒಂದೇ ಅಂಕ, ನಿಂತರೆ ಎದೆ ಹೊಡೆದುಕೊಂಡು ಕುಸಿಯುವುದಕ್ಕೂ ಒಂದೇ ಅಂಕ.

ಮೊದಲು ಯಾರನ್ನು ಅಳೆಯುತ್ತಿದ್ದೀರಿ ಎಂಬುದು ಗಟ್ಟಿಯಾಗಲಿ. ವಿಶ್ವ ಆರೋಗ್ಯ ಸಂಸ್ಥೆ 2021ರ ಅಕ್ಟೋಬರ್‌ನಲ್ಲಿ ಕೊಟ್ಟ ವ್ಯಾಖ್ಯೆಯ ಪ್ರಕಾರ ಲಾಂಗ್ ಕೋವಿಡ್ ಎಂದರೆ, ಸೋಂಕು ಶುರುವಾದಾಗಿನಿಂದ ಸಾಮಾನ್ಯವಾಗಿ 3 ತಿಂಗಳಿಗೆ ಕಾಣುವ, ಕನಿಷ್ಠ 2 ತಿಂಗಳು ಇರುವ, ಬೇರೆ ರೋಗದಿಂದ ವಿವರಿಸಲಾಗದ ಲಕ್ಷಣಗಳು. ಕೊನೆಯ ಷರತ್ತನ್ನು ಹಾರಿಸಬೇಡಿ. ರಕ್ತಹೀನತೆ, ಥೈರಾಯ್ಡ್, ಸಕ್ಕರೆ ನೋಡದೆ ಸುಸ್ತಿಗೆ ಅಂಕ ಹಾಕಲು ಕೂರಬಾರದು.

ಪ್ರಶ್ನಾವಳಿ ಎಂದರೆ ನನ್ನ ಮೊದಲ ಆಯ್ಕೆ ಯಾರ್ಕ್‌ಶೈರ್ ಪುನರ್ವಸತಿ ಮಾಪಕದ ಪರಿಷ್ಕೃತ ರೂಪ, ಸಿ19-ವೈಆರ್‌ಎಸ್‌ಎಂ. ಲಕ್ಷಣದ ತೀವ್ರತೆಗೆ 30 ಅಂಕ, ಕೆಲಸಕಾರ್ಯದ ತೊಂದರೆಗೆ 15, ಇತರೆ ಲಕ್ಷಣಗಳಿಗೆ 25, ಒಟ್ಟಾರೆ ಆರೋಗ್ಯಕ್ಕೆ 0ರಿಂದ 10. ಇವನ್ನು ಕೂಡಿಸಿ ಒಂದು ಸಂಖ್ಯೆ ಮಾಡಬೇಡಿ. ಬೇರೆ ಬೇರೆ ಇದ್ದರೇ ಅವು ಮಾತಾಡುತ್ತವೆ: ನಿಮ್ಮ 14 ಟಿಕ್‌ನವರು ಇತರೆ ಲಕ್ಷಣದಲ್ಲಿ ಮೇಲಿದ್ದು ಕೆಲಸಕಾರ್ಯದಲ್ಲಿ 2 ಇರಬಹುದು, 4 ಟಿಕ್‌ನವರು ಅಲ್ಲೇ 11 ಇರಬಹುದು. ಇದರ ಇನ್ನೊಂದು ಗುಣ, ಕೋವಿಡ್‌ಗೆ ಮುಂಚೆ ಹೇಗಿತ್ತು ಎಂದೂ ಕೇಳುತ್ತದೆ. ಮೊದಲೇ ಮಂಡಿನೋವಿನಿಂದ ನಡೆಯಲಾಗದವರ ಅಂಕವನ್ನು ಕೋವಿಡ್ ತಲೆಗೆ ಕಟ್ಟುವ ತಪ್ಪು ಇದರಿಂದ ತಪ್ಪುತ್ತದೆ.

ಅಂಗವೈಕಲ್ಯವನ್ನು ಬೇರೆ ಕಾಯಿಲೆಯವರ ಜೊತೆ ಹೋಲಿಸಬೇಕಾದರೆ ವಿಶ್ವ ಆರೋಗ್ಯ ಸಂಸ್ಥೆಯ ಹೂಡಾಸ್ 2.0, 12 ಪ್ರಶ್ನೆಗಳದ್ದು. ಪ್ರತಿಯೊಂದಕ್ಕೂ 0ರಿಂದ 4, ಒಟ್ಟು 48. ಕಳೆದ 30 ದಿನದ ಮೇಲೆ. ತರಾತುರಿಯಲ್ಲಿ ಒಂದೇ ಅಂಕಿ ಸಾಕು ಎಂದರೆ ಪಿಸಿಎಫ್‌ಎಸ್ ಇದೆ, ಕೋವಿಡ್ ನಂತರ ದಿನನಿತ್ಯದ ಕೆಲಸ ಎಷ್ಟು ಆಗುತ್ತದೆ ಎನ್ನುವ 0ರಿಂದ 4ರ ದರ್ಜೆ. ಆದರೆ ಅದರ ಮೆಟ್ಟಿಲು ಅಗಲ. ಸಣ್ಣ ಸುಧಾರಣೆ ಅದರಲ್ಲಿ ಕಾಣುವುದಿಲ್ಲ.

ಪ್ರಶ್ನೆ (ನರ್ಸ್): ಮೇಡಂ, ಹೂಡಾಸ್ ಒಮ್ಮೆ ಬಳಸಿದ್ದೆವು. ಹೊರಗೆ ಕಾಲಿಡದವರೊಬ್ಬರು ನಡಿಗೆಗೆ "ತೊಂದರೆ ಇಲ್ಲ" ಎಂದು ಗುರುತು ಹಾಕಿದರು.

ಉತ್ತರ (ಪುನರ್ವಸತಿ ವೈದ್ಯೆ): ತೀರಾ ಸಾಮಾನ್ಯ. ನಡೆಯುವುದನ್ನೇ ಬಿಟ್ಟವರಿಗೆ ನಡಿಗೆಯಲ್ಲಿ ತೊಂದರೆ ಎಲ್ಲಿಂದ ಬರಬೇಕು? "ಇಲ್ಲ" ಎಂದು ಬಂದಲ್ಲೆಲ್ಲ "ಕೊನೆಗೆ ಯಾವಾಗ ಮಾಡಿದಿರಿ, ಯಾಕೆ ಬಿಟ್ಟಿರಿ" ಎಂದು ಕೇಳಿ. ಆರೋಗ್ಯದ ಕಾರಣಕ್ಕೆ ಬಿಟ್ಟಿದ್ದರೆ ಅದು ತೊಂದರೆಯೇ. ಆ ನಮೂನೆಯ ಕೊನೆಯಲ್ಲಿ ದಿನ ಎಣಿಸುವ ಮೂರು ಪ್ರಶ್ನೆಗಳಿವೆ: 30 ದಿನದಲ್ಲಿ ಎಷ್ಟು ದಿನ ತೊಂದರೆಯಿತ್ತು, ಎಷ್ಟು ದಿನ ಏನೂ ಮಾಡಲಾಗಲಿಲ್ಲ, ಎಷ್ಟು ದಿನ ಕೆಲಸ ಕಡಿಮೆ ಮಾಡಿಕೊಂಡಿರಿ. ಒಟ್ಟು ಅಂಕಕ್ಕೆ ಸೇರದ ಕಾರಣ ಅನೇಕರು ಅದನ್ನು ಖಾಲಿ ಬಿಡುತ್ತಾರೆ. ಒಂದು ದಿನ ಎದ್ದು ಎರಡು ದಿನ ಬೀಳುವ ಈ ಕಾಯಿಲೆಯಲ್ಲಿ ನನಗೆ ಅತಿ ಬೇಕಾದ ಉತ್ತರಗಳೇ ಅವು. ಇಕ್ಯೂ-5ಡಿ ಎಂಬ ಸಾಮಾನ್ಯ ಆರೋಗ್ಯದ ಪ್ರಶ್ನಾವಳಿ ಕೇಳುವುದು "ಇಂದು" ಹೇಗಿದ್ದೀರಿ ಎಂದು ಮಾತ್ರ. ಕ್ಲಿನಿಕ್ಕಿಗೆ ಬರಲು ಆಗುವ ದಿನ ಅವರ ಒಳ್ಳೆಯ ದಿನವೇ ಆಗಿರುತ್ತದೆ, ಅದು ನೆನಪಿರಲಿ.

ಉತ್ತರ (ಫಿಸಿಯೊಥೆರಪಿಸ್ಟ್): ಮೇಡಂ ಹೇಳಿದ್ದಕ್ಕೆ ಒಂದು ಎಚ್ಚರಿಕೆ ಸೇರಿಸುತ್ತೇನೆ. 6 ನಿಮಿಷದ ನಡಿಗೆ ಪರೀಕ್ಷೆಗೆ ಮುನ್ನ ಶ್ರಮದ ನಂತರ ಲಕ್ಷಣ ಉಲ್ಬಣಿಸುತ್ತದೆಯೇ ಎಂದು ಕೇಳಲೇಬೇಕು. ಡಿಎಸ್‌ಕ್ಯೂ-ಪಿಇಎಂ ಎಂಬ ಚಿಕ್ಕ ಪ್ರಶ್ನಾವಳಿ ಇದಕ್ಕೇ ಇದೆ. ಅದರ ಮೊದಲ 5 ಅಂಶಗಳಿಗೆ ಎಷ್ಟು ಸಲ, ಎಷ್ಟು ತೀವ್ರ ಎಂದು 0ರಿಂದ 4ರ ಅಂಕ. ಒಂದೇ ಅಂಶದಲ್ಲಿ ಎರಡೂ 2 ಅಥವಾ ಹೆಚ್ಚಿದ್ದರೆ ಮುಂದೆ ವಿವರವಾಗಿ ವಿಚಾರಿಸಿ.

ಕುಸಿತ ಕೂಡಲೇ ಬರುವುದಿಲ್ಲ. ಹೆಚ್ಚಾಗಿ 12ರಿಂದ 72 ಗಂಟೆ ತಡವಾಗಿ ಬಂದು ದಿನಗಟ್ಟಲೆ ಇರುತ್ತದೆ. ರೋಗಿ ಕಾರಿಡಾರಿನಲ್ಲಿ 450 ಮೀಟರ್ ನಡೆದದ್ದನ್ನು ನೀವು ಬರೆದುಕೊಳ್ಳುತ್ತೀರಿ, ಆಮೇಲೆ ಮೂರು ದಿನ ಮಲಗಿದ್ದು ದಾಖಲಾಗುವುದೇ ಇಲ್ಲ. ಆದ್ದರಿಂದ ಪರೀಕ್ಷೆ ಮಾಡಿದರೆ 24, 48, 72 ಗಂಟೆಗೆ ಫೋನ್ ಮಾಡಿ ಕೇಳಿ ಬರೆಯಿರಿ. ಉಲ್ಬಣದ ಇತಿಹಾಸ ಸ್ಪಷ್ಟವಿದ್ದರೆ ನಡಿಗೆ ಪರೀಕ್ಷೆಯೇ ಬೇಡ, ರೋಗಿ ಬರೆದಿಟ್ಟ ದಿನಚರಿ ಸಾಕು.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ಆಕ್ಸಿಮೀಟರ್ 98 ತೋರಿಸುತ್ತದೆ, ರೋಗಿ ಉಸಿರು ಸಾಲದು ಎನ್ನುತ್ತಾರೆ. ಏನು ಬರೆಯುವುದು?

ಉತ್ತರ (ಫಿಸಿಯೊಥೆರಪಿಸ್ಟ್): ಎರಡನ್ನೂ ಬರೆಯಿರಿ ಸರ್. ಕೂತಾಗಿನ ಆಮ್ಲಜನಕ ಏದುಸಿರನ್ನು ಅಳೆಯುವುದಿಲ್ಲ. ಏದುಸಿರಿಗೆ ಎಂಎಂಆರ್‌ಸಿ ದರ್ಜೆ, 0ರಿಂದ 4. ಶ್ರಮದಲ್ಲಿ ಆಮ್ಲಜನಕ ಇಳಿಯುತ್ತದೆಯೇ ಎಂದು ನೋಡಲು, ಮೇಲಿನ ಎಚ್ಚರಿಕೆ ಪಾಲಿಸಿ, ಕೈಯಿಲ್ಲದ ಕುರ್ಚಿಯಿಂದ 1 ನಿಮಿಷ ಎದ್ದು ಕೂರುವ ಪರೀಕ್ಷೆ. ನಿಲ್ಲಿಸಿದ ಮೇಲೂ ಒಂದೆರಡು ನಿಮಿಷ ಬೆರಳಿನಿಂದ ಕಳಚಬೇಡಿ, ಅತಿ ಕಡಿಮೆ ಅಂಕಿ ಆಗಲೇ ಬರಬಹುದು. 3 ಶೇಕಡಾ ಅಂಶ ಅಥವಾ ಹೆಚ್ಚು ಇಳಿದರೆ ವೈದ್ಯರಿಗೆ ಕಳಿಸಿ. ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣವಿದ್ದರೆ ಅಂಕಿ ನಂಬಬೇಡಿ. ಕಪ್ಪು ಚರ್ಮದಲ್ಲಿ ಯಂತ್ರ ನಿಜಕ್ಕಿಂತ ಹೆಚ್ಚು ತೋರಿಸುವುದೂ ಉಂಟು.

ಎದ್ದು ನಿಂತಾಗ ತಲೆ ಹಗುರಾಗುವವರಿಗೆ 10 ನಿಮಿಷದ ಗೋಡೆ ಪರೀಕ್ಷೆ ಮಾಡಿ. ಮಲಗಿಸಿ ನಾಡಿ, ರಕ್ತದೊತ್ತಡ ಸ್ಥಿರವಾಗುವವರೆಗೆ ಕಾಯಿರಿ. ನಂತರ ಹಿಮ್ಮಡಿ ಗೋಡೆಯಿಂದ ಸುಮಾರು 15 ಸೆಂ.ಮೀ. ಮುಂದೆ, ಹೆಗಲ ಹಿಂಭಾಗ ಗೋಡೆಗೆ ತಾಗಿ ನಿಲ್ಲಲಿ. ನಿಮಿಷಕ್ಕೊಮ್ಮೆ ಎರಡನ್ನೂ ಬರೆಯಿರಿ. ಕಾಲು ಅಲ್ಲಾಡಿಸಬಾರದು, ಮೀನಖಂಡ ಬಿಗಿ ಮಾಡಬಾರದು. ಮಾಡಿದರೆ ರಕ್ತ ಮೇಲೆ ತಳ್ಳಲ್ಪಟ್ಟು ತೊಂದರೆ ಮುಚ್ಚಿಹೋಗುತ್ತದೆ. ರಕ್ತದೊತ್ತಡ ಇಳಿಯದೆ ನಾಡಿ ನಿಮಿಷಕ್ಕೆ 30 ಬಡಿತ ಅಥವಾ ಹೆಚ್ಚು ಏರಿ ನಿಂತರೆ, 12ರಿಂದ 19 ವಯಸ್ಸಿನವರಲ್ಲಿ 40, ಪಾಟ್ಸ್ ಶಂಕೆ, ಅಂದರೆ ನಿಂತಾಗ ನಾಡಿ ಅತಿಯಾಗಿ ಏರುವ ತೊಂದರೆ. ಪಕ್ಕದಲ್ಲೇ ಇರಿ, ಬೀಳುವಂತಾದರೆ ಅಲ್ಲಿಗೇ ನಿಲ್ಲಿಸಿ.

ಪ್ರಶ್ನೆ (ಅದೇ ಸದಸ್ಯರು): ಪಿಎಚ್‌ಕ್ಯೂ-9 ಎಂಬ ಖಿನ್ನತೆಯ ಪ್ರಶ್ನಾವಳಿಯಲ್ಲಿ 13 ಬಂದರೆ ಖಿನ್ನತೆ ಎಂದೇ ತಿಳಿಯಬೇಕೆ?

ಉತ್ತರ (ಮನಃಶಾಸ್ತ್ರಜ್ಞ): ಒಟ್ಟು ಅಂಕ ನೋಡಿ ನಿರ್ಧರಿಸಬೇಡಿ. 9 ಪ್ರಶ್ನೆಗಳಲ್ಲಿ ನಿದ್ರೆ, ಸುಸ್ತು, ಹಸಿವು, ಏಕಾಗ್ರತೆ, ನಿಧಾನವಾದ ಚಲನೆ ಈ ಐದು ಲಾಂಗ್ ಕೋವಿಡ್‌ನಿಂದಲೂ ಬರುತ್ತವೆ. ಐದಕ್ಕೂ 3 ಹಾಕಿದರೆ, ಮನಸ್ಸು ಕುಗ್ಗದೆಯೂ 15. ಮೊದಲ ಎರಡು ಪ್ರಶ್ನೆ, ಅಂದರೆ ಆಸಕ್ತಿ ಇಲ್ಲದಿರುವುದು ಮತ್ತು ಮನಸ್ಸು ಕುಗ್ಗಿರುವುದು, ಬೇರೆಯಾಗಿ ಓದಿ. "ಮಾಡಲು ಇಷ್ಟವಿದೆ, ಆಗುತ್ತಿಲ್ಲ" ಎನ್ನುವವರೂ "ಇಷ್ಟವೇ ಇಲ್ಲ" ಎನ್ನುವವರೂ ಒಂದೇ ಅಲ್ಲ. 9ನೆಯದು ಸಾವಿನ ಯೋಚನೆಯದು. ಅದಕ್ಕೆ ಸೊನ್ನೆಗಿಂತ ಹೆಚ್ಚು ಎಷ್ಟೇ ಅಂಕ ಬಂದಿರಲಿ, ಆ ದಿನವೇ ಮಾತಾಡಬೇಕು.

ನೆನಪು, ಯೋಚನೆ ಅಳೆಯುವ ಮೊಕಾ ಪರೀಕ್ಷೆಯಲ್ಲಿ 30ಕ್ಕೆ 26 ದಾಟಿದರೂ ಮಂಕುತನ ಇಲ್ಲವೆಂದಲ್ಲ. ಹತ್ತು ನಿಮಿಷ ಜೋರು ಹಾಕಿ ಮುಗಿಸಿಬಿಡಬಹುದು. ಎಷ್ಟು ಹೊತ್ತು ಓದಿದರೆ ಸಾಲು ತಪ್ಪುತ್ತದೆ ಎಂದು ಕೇಳಿದರೆ ಹೆಚ್ಚು ತಿಳಿಯುತ್ತದೆ.

ಭಾಷೆಯ ಮಾತೂ ಬರಲಿ. "ಸುಸ್ತು" ಎಂದರೆ ಕೆಲವರಿಗೆ ನಿಶ್ಶಕ್ತಿ, ಕೆಲವರಿಗೆ ನಿದ್ದೆಗಣ್ಣು. "ಆಯಾಸ" ಎಂದರೆ ಕೆಲವರಿಗೆ ಏದುಸಿರು. "ತಲೆಸುತ್ತು" ಎಂದವರನ್ನು ಕೋಣೆ ತಿರುಗುತ್ತದೆಯೋ, ಕಣ್ಣು ಕತ್ತಲಿಡುತ್ತದೆಯೋ ಎಂದು ಕೇಳಿ. ಪದ ಬಿಡಿಸದೆ ಹಾಕಿದ ಅಂಕ ತಪ್ಪು ಅಂಕಣಕ್ಕೆ ಹೋಗುತ್ತದೆ.

ಪ್ರಶ್ನೆ (ನರ್ಸ್): ಎಷ್ಟು ದಿನಕ್ಕೊಮ್ಮೆ ಅಳೆಯಬೇಕು? ಕೆಲಸದ ಜಾಗಕ್ಕೆ ಪತ್ರ ಕೇಳುವವರಿಗೆ ಈ ಅಂಕಗಳನ್ನೇ ಕೊಡಬಹುದೆ?

ಉತ್ತರ (ಪುನರ್ವಸತಿ ವೈದ್ಯೆ): ಮೊದಲ ಭೇಟಿ, ಆಮೇಲೆ ಮೂರು ತಿಂಗಳಿಗೊಮ್ಮೆ, ಅದೇ ನಮೂನೆ, ಸಾಧ್ಯವಾದರೆ ದಿನದ ಅದೇ ಹೊತ್ತು. ಎಲ್ಲ ನಮೂನೆ ಒಂದೇ ಸಲ ತುಂಬಿಸಬೇಡಿ. ನಮೂನೆ ತುಂಬುವುದೂ ಶ್ರಮವೇ. ಕೊನೆಯ ಪುಟದ ಉತ್ತರಗಳು ಸುಸ್ತಿನ ಉತ್ತರಗಳಾಗುತ್ತವೆ. ಚಾಲ್ಡರ್ ಸುಸ್ತಿನ ಮಾಪಕ ಬಳಸುವವರು ಒಂದು ಗಮನಿಸಿ, ಅದು "ಎಂದಿಗಿಂತ ಹೆಚ್ಚೇ" ಎಂದು ಕೇಳುತ್ತದೆ. ವರ್ಷ ಕಳೆದವರಿಗೆ ಈ ಸುಸ್ತೇ "ಎಂದಿನದು" ಆಗಿ, ಅಂಕ ಇಳಿದು ಗುಣವಾದಂತೆ ಕಾಣುತ್ತದೆ.

ಪತ್ರದಲ್ಲಿ "48ಕ್ಕೆ 27" ಎಂದು ಬರೆದರೆ ಓದುವವರಿಗೆ ಏನೂ ತಿಳಿಯದು. ಹೀಗೆ ಬರೆಯಿರಿ: "ಒಂದೇ ಸಮ 40 ನಿಮಿಷಕ್ಕಿಂತ ಹೆಚ್ಚು ಕಂಪ್ಯೂಟರ್ ಕೆಲಸ ಆಗುವುದಿಲ್ಲ, ಮೀರಿದರೆ ಮರುದಿನದಿಂದ ಎರಡು ದಿನ ಹಾಸಿಗೆ ಹಿಡಿಯುತ್ತಾರೆ. ಕಳೆದ 30 ದಿನದಲ್ಲಿ 9 ದಿನ ಏನೂ ಮಾಡಲಾಗಿಲ್ಲ." ಅಂಕವನ್ನು ಕೆಳಗೆ, ಮಾಪಕದ ಹೆಸರು ಮತ್ತು ದಿನಾಂಕದ ಜೊತೆ ಹಾಕಿ.