ಹಳೇ ಮರದ ಡೆಸ್ಕ್: ಪಾಲಿಶ್ ಮೊದಲೋ, ಎತ್ತರ ಸರಿಮಾಡೋದು ಮೊದಲೋ?

ಪ್ರಶ್ನೆ (ಮೇಜಿನಮುಂದೆ):
ಮನೆಯಿಂದ ಕೆಲಸ ಮಾಡಲು ಹಳೆಯ ತೇಗದ ಡೆಸ್ಕ್ ತಂದಿದ್ದೇನೆ. ಎತ್ತರ 77 ಸೆಂ.ಮೀ., ಆಳ 68. ನಾಲ್ಕು ಕಾಲು, ಅಕ್ಕಪಕ್ಕ ಚಿಕ್ಕ ಡ್ರಾಯರ್, ನಡುವೆ ಒಂದು ಅಗಲದ ಡ್ರಾಯರ್. ನೆಲದಿಂದ ನಡು ಡ್ರಾಯರ್‌ನ ತಳಕ್ಕೆ 60 ಸೆಂ.ಮೀ. ತಳ್ಳಿದರೆ ಪಕ್ಕಕ್ಕೆ ಅಲ್ಲಾಡುತ್ತದೆ. ಮೇಲ್ಹಲಗೆಗೆ ವಿನಿಯರ್ (ಮೇಲೆ ಅಂಟಿಸುವ ತೆಳು ಮರದ ಪದರ) ಹಾಕಿದೆ, ಅದರ ಮೇಲೆ ಲೋಟದ ಬಿಳಿ ಉಂಗುರಗಳು, ಒಂದು ಕಡೆ ಕಪ್ಪು ಕಲೆ. ಸ್ಯಾಂಡರ್ ಹಿಡಿದು ಪೂರ್ತಿ ಉಜ್ಜಿ ಪಾಲಿಶ್ ಮಾಡಬಹುದೇ? ಮಾನಿಟರ್ ಆರ್ಮ್ (ಪರದೆಯನ್ನು ಎತ್ತಿಹಿಡಿಯುವ ತೋಳು) ಕೂರಿಸಲು ಮೇಜಿನಂಚಿಗೆ ಬಿಗಿಯುವ ಕ್ಲಾಂಪ್ ಹಾಕಬಹುದೇ?

ಉತ್ತರ 1 (ಉಳಿಸುತ್ತಿಗೆ):
ಸ್ಯಾಂಡರ್ ಬೇಡವೇ ಬೇಡ. ವಿನಿಯರ್ ದಪ್ಪ ಸಾಮಾನ್ಯವಾಗಿ ಒಂದು ಮಿ.ಮೀ. ಒಳಗೇ. ಅಂಚಿನಲ್ಲಿ ಯಂತ್ರ ಸ್ವಲ್ಪ ಓರೆಯಾದರೂ ಕೆಳಗಿನ ಮರ ಕಾಣುತ್ತದೆ, ಆಮೇಲೆ ಸರಿಮಾಡಲು ದಾರಿಯಿಲ್ಲ.

ಮೊದಲು ಎತ್ತರದ ಲೆಕ್ಕ ನೋಡಿ, ಅದು ಕೂಡಿಬರದಿದ್ದರೆ ಪಾಲಿಶ್ ಕೆಲಸವೆಲ್ಲ ದಂಡ. ಹಳೆಯ ಡೆಸ್ಕ್‌ಗಳು ಪೆನ್ನಿನಲ್ಲಿ ಬರೆಯುವವರಿಗೆ ಮಾಡಿದವು. ಟೈಪಿಂಗ್‌ಗೆ ಕೈ ಮೊಣಕೈ ಮಟ್ಟದಲ್ಲಿರಬೇಕು. 165 ಸೆಂ.ಮೀ. ಎತ್ತರದವರು 43 ಸೆಂ.ಮೀ. ಎತ್ತರದ ಕುರ್ಚಿಯಲ್ಲಿ ಪಾದ ಊರಿ ಕೂತರೆ ಮೊಣಕೈ ಸುಮಾರು 67ಕ್ಕೆ ಬರುತ್ತದೆ. ನಿಮ್ಮ ಡೆಸ್ಕ್ ಮೇಲೆ ಕೀಬೋರ್ಡ್ ಇಟ್ಟರೆ 79. ಹಾಗಾಗಿ ಕುರ್ಚಿ 12 ಸೆಂ.ಮೀ. ಏರಿಸಬೇಕು. ಆಗ ಆಸನ 55, ತೊಡೆಗೆ 15, ಒಟ್ಟು 70. ಡ್ರಾಯರ್ ತಳ ಇರುವುದು 60ರಲ್ಲಿ! ತೊಡೆ ತೂರುವುದೇ ಇಲ್ಲ.

ಇದಕ್ಕೆ ನಡು ಡ್ರಾಯರ್ ತೆಗೆದಿಡಿ. ಅದರ ಜಾಗದಲ್ಲಿ 12 ಮಿ.ಮೀ. ಪ್ಲೈವುಡ್ ಹಲಗೆಯನ್ನು ಮೇಲ್ಮೈ 67ಕ್ಕೆ ಬರುವಂತೆ ಕೂರಿಸಿದರೆ ಕೀಬೋರ್ಡ್ ಸೇರಿ 69. ಕುರ್ಚಿ 2 ಸೆಂ.ಮೀ. ಏರಿಸಿದರೆ ಸಾಕು. ಆದರೆ ಡ್ರಾಯರ್ ಕೆಳಗೆ ಅಡ್ಡಪಟ್ಟಿ ಇದೆಯೇ ಎಂದು ಬಗ್ಗಿ ನೋಡಿ. ಇದ್ದರೆ ಡ್ರಾಯರ್ ತೆಗೆದೂ ಪ್ರಯೋಜನವಿಲ್ಲ. ಅದನ್ನು ಕೊಯ್ಯಲೂಬಾರದು, ಎರಡೂ ಬದಿಯನ್ನು ಹಿಡಿದಿಟ್ಟಿರುವುದೇ ಅದು.

ಅಲ್ಲಾಟಕ್ಕೆ ಮೊಳೆ ಹೊಡೆಯಬೇಡಿ. ಹಳೆಯ ಅಂಟು ಒಣಗಿ ಪುಡಿಯಾಗಿರುತ್ತದೆ, ಮೊಳೆ ಹೊಡೆದರೆ ಕೀಲಿನ ಪಕ್ಕದಲ್ಲೇ ಮರ ಸೀಳುತ್ತದೆ. ಡೆಸ್ಕ್ ಮಗುಚಿ, ಪ್ರತಿ ಕಾಲಿಗೂ ಅದರ ಜಾಗಕ್ಕೂ ಒಂದೇ ಸಂಖ್ಯೆ ಬರೆಯಿರಿ. ಬಿಡದ ಕೀಲಿಗೆ ಬಿಸಿನೀರು ಹನಿಸಿ, ಹಲಗೆತುಂಡು ಅಡ್ಡ ಇಟ್ಟು ಮೆಲ್ಲಗೆ ತಟ್ಟಿ. ಹಳೆಯ ಅಂಟನ್ನು ಮರ ಕಾಣುವವರೆಗೆ ಕೆರೆಯಬೇಕು, ಫೆವಿಕಾಲ್‌ನಂಥ ಬಿಳಿ ಅಂಟು ಹಳೆಯ ಅಂಟಿನ ಮೇಲೆ ಹಿಡಿಯುವುದಿಲ್ಲ. ನೀರಾರಿದ ಮೇಲೆ ಅಂಟು ಹಚ್ಚಿ ಬಿಗಿದು, ಎರಡೂ ಕರ್ಣ ಅಳೆಯಿರಿ. ಅಳತೆ ಒಂದೇ ಬಂದರೆ ಚೌಕ ಸರಿಯಿದೆ. 24 ಗಂಟೆ ಮುಟ್ಟಬೇಡಿ.

ಉತ್ತರ 2 (ಅರಗುಬಟ್ಟೆ):
ಕಲೆಗಳ ಬಗ್ಗೆ. ಕಾಣದ ಮೂಲೆಯಲ್ಲಿ ಹತ್ತಿಗೆ ಸ್ಪಿರಿಟ್ ಅದ್ದಿ ಉಜ್ಜಿ. ಬಣ್ಣ ಅಂಟಂಟಾಗಿ ಹತ್ತಿಗೆ ಬಂದರೆ ಅದು ಅರಗಿನ ಪಾಲಿಶ್, ನೀವು ಅದೃಷ್ಟವಂತರು. ಬಿಳಿ ಉಂಗುರ ಎಂದರೆ ಪಾಲಿಶ್ ಪದರದೊಳಗೆ ಸಿಕ್ಕಿಕೊಂಡ ತೇವ. ಸ್ಪಿರಿಟ್ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯನ್ನು ಉಂಗುರದ ಮೇಲೆ ನಿಲ್ಲಿಸದೆ ಸವರಿಕೊಂಡು ಹೋಗಿ. ಒಂದೇ ಕಡೆ ನಿಲ್ಲಿಸಿದರೆ ಪಾಲಿಶ್ ಕಿತ್ತು ಬರುತ್ತದೆ. ಆರಿದ ಮೇಲೆ ತೆಳುವಾಗಿ ಮೇಣ.

ಕಪ್ಪು ಕಲೆ ಬೇರೆಯದೇ. ನೀರು ಮರಕ್ಕಿಳಿದು, ಕಬ್ಬಿಣವೂ ಮರದಲ್ಲಿರುವ ಟ್ಯಾನಿನ್ ಎಂಬ ಒಗರು ಅಂಶವೂ ಸೇರಿ ಆದದ್ದು. ಪಾಲಿಶ್ ತೆಗೆದು ಆಕ್ಸಾಲಿಕ್ ಆಮ್ಲ ಹಚ್ಚಿದರೆ ಹೋಗುತ್ತದೆ. ಆದರೆ ಅದು ವಿಷ, ಜೊತೆಗೆ ಒದ್ದೆಯಾದ ವಿನಿಯರ್ ಏಳಬಹುದು. ನನ್ನ ಮಾತು ಕೇಳುವುದಾದರೆ ಆ ಒಂದು ಕಲೆ ಇರಲಿ ಬಿಡಿ.

ಉತ್ತರ 3 (ತಂತಿಗಂಟು):
ಕ್ಲಾಂಪ್ ಹಾಕಬಹುದು, ನೇರವಾಗಿ ಬೇಡ. ಅದರ ಪುಟ್ಟ ಹಿಡಿಕೆ ಇಡೀ ಭಾರವನ್ನು ಒಂದೇ ಕಡೆ ಒತ್ತಿ ವಿನಿಯರ್ ತಗ್ಗು ಬೀಳಿಸುತ್ತದೆ. ಮೇಲೂ ಕೆಳಗೂ 10×15 ಸೆಂ.ಮೀ. ಗಟ್ಟಿ ಪ್ಲೈವುಡ್ ತುಂಡು, ಮೇಲಿನದರ ಅಡಿಗೆ ಫೆಲ್ಟ್ (ಒತ್ತಿದ ದಪ್ಪ ಬಟ್ಟೆ). ರಬ್ಬರ್ ಪಾದದ ಸಾಮಾನುಗಳನ್ನೂ ನೇರವಾಗಿ ಇಡಬೇಡಿ, ರಬ್ಬರ್‌ನಿಂದ ಇಳಿಯುವ ಎಣ್ಣೆಯಂಥ ಅಂಶ ಹಳೆಯ ಪಾಲಿಶ್ ಅನ್ನು ಮೆತ್ತಗಾಗಿಸಿ ಕಲೆ ಬಿಡುತ್ತದೆ.

ಹಾಗೇ ಕಾಲುಗಳಲ್ಲಿ 1–2 ಮಿ.ಮೀ. ತೂತುಗಳಿದ್ದರೆ ಕೆಳಗೆ ಕಪ್ಪು ಕಾಗದ ಹಾಸಿ ಕೆಲವು ವಾರ ಕಾಯಿರಿ. ಹೊಸ ಪುಡಿ ಬಿದ್ದರೆ ಹುಳು ಜೀವಂತ. ಹುಳು ಕೊಲ್ಲುವ ಬೋರೇಟ್ ದ್ರಾವಣವನ್ನು ಪಾಲಿಶ್ ಇಲ್ಲದ ಒಳಮೈಗೆ ಹಚ್ಚಿ, ಪಾಲಿಶ್ ಮೇಲೆ ಹಚ್ಚಿದರೆ ಒಳಗೆ ಇಳಿಯದು.

ಮೇಜಿನಮುಂದೆ:
ಎಲ್ಲರಿಗೂ ಧನ್ಯವಾದ. ನೋಡಿದೆ, ಅಡ್ಡಪಟ್ಟಿ ಇಲ್ಲ. ಕಾಲಿನ ತುದಿಗೆ ಯಾರೋ ಆಮೇಲೆ ಸ್ಕ್ರೂ ಹಾಕಿ ಕೂರಿಸಿದ ಚಕ್ರಗಳಿವೆ, ಅವುಗಳ ಎತ್ತರ 4 ಸೆಂ.ಮೀ. ಚಕ್ರಗಳನ್ನು ತೆಗೆಯಲೇ?

ಉಳಿಸುತ್ತಿಗೆ:
ತೆಗೆಯಿರಿ, ಅಲ್ಲಾಟದಲ್ಲಿ ಅವುಗಳ ಪಾಲೂ ಇರುತ್ತದೆ. ಎತ್ತರ 73ಕ್ಕೆ ಇಳಿದರೆ ಪ್ಲೈವುಡ್ ಹಲಗೆಯೂ ಬೇಕಿಲ್ಲ. ಕೀಬೋರ್ಡ್ ಮೇಲೇ ಇರಲಿ, ಕುರ್ಚಿ 8 ಸೆಂ.ಮೀ. ಏರಿಸಿ, ಪಾದದಡಿಗೆ ಅಷ್ಟೇ ಎತ್ತರದ ಮಣೆ ಇಡಿ. ತೊಡೆ 66ಕ್ಕೆ ಬರುತ್ತದೆ, ಡ್ರಾಯರ್ ಇಲ್ಲದ ಹಲಗೆಯ ತಳ 70ರ ಮೇಲಿರುತ್ತದೆ. ಕಾಲುಗಳನ್ನು ಮಾತ್ರ ಕೊಯ್ಯಬೇಡಿ. ಸ್ಕ್ರೂ ತೂತುಗಳಿಗೆ ಮರದ ಕಡ್ಡಿ ಅಂಟಿಸಿ ಮುಚ್ಚಿ, ತುದಿಗೆ ಫೆಲ್ಟ್ ಹಚ್ಚಿ.